ಸ್ಯಾಂಕಿ ರಸ್ತೆ

ಬೆಂಗಳೂರಿನ ಪ್ರಮುಖ ರಸ್ತೆಗಳಲ್ಲೊಂದು. ಬಸವೇಶ್ವರ ವೃತ್ತದ ಕಡೆಯಿಂದ ಹೊರಟು ಗಾಲ್ಫ್ ಮೈದಾನದ ಪಕ್ಕದಲ್ಲಿ ಸಾಗಿ, ಸದಾಶಿವನಗರದ ಭಾಷ್ಯಂ ವೃತ್ತವನ್ನು ಹಾದು, ಸ್ಯಾಂಕಿ ಕೆರೆಯ ಅಂಚಿನಲ್ಲಿ ಮಲ್ಲೇಶ್ವರದತ್ತ ತಿರುಗುತ್ತದೆ. ಕೆರೆಗೂ ರಸ್ತೆಗೂ ಹೆಸರು ಬಂದದ್ದು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಹೈರಮ್ ಸ್ಯಾಂಕಿಯಿಂದ.

ಸ್ಯಾಂಕಿ ಹುಟ್ಟಿದ್ದು 1829ರ ಮಾರ್ಚ್ 22ರಂದು, ಐರ್ಲೆಂಡಿನ ಟಿಪ್ಪರರಿ ಪ್ರಾಂತ್ಯದಲ್ಲಿ. 1846ರಲ್ಲಿ ಮದ್ರಾಸ್ ಎಂಜಿನಿಯರ್ಸ್ ಪಡೆ ಸೇರಿದ. 1864ರಿಂದ 1877ರವರೆಗೆ, ಹದಿಮೂರು ವರ್ಷ, ಮೈಸೂರಿನ ಮುಖ್ಯ ಎಂಜಿನಿಯರ್ ಹುದ್ದೆಯಲ್ಲಿದ್ದ. ಕಬ್ಬನ್ ಪಾರ್ಕು (1870), ಕೆಂಪು ಬಣ್ಣದ ಅಠಾರ ಕಚೇರಿ, ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಇವೆಲ್ಲ ಆ ಅವಧಿಯವು. ಸ್ಯಾಂಕಿ ಎಂದೊಡನೆ ಜನ ಈ ಕಟ್ಟಡಗಳನ್ನೇ ನೆನೆಯುತ್ತಾರೆ. ಆದರೆ ಆತನ ನಿಜವಾದ ದೊಡ್ಡ ಕೆಲಸ ನಡೆದದ್ದು ಹಳ್ಳಿಗಳ ಕೆರೆಗಳಲ್ಲಿ.

ಸಂಸ್ಥಾನದ ವಿಸ್ತಾರದಲ್ಲಿ ಸುಮಾರು ಶೇಕಡಾ 60 ಭಾಗ ಕೆರೆ ವ್ಯವಸ್ಥೆಗೆ ಒಳಪಟ್ಟಿದೆಯೆಂದೂ, ಹೊಸ ಕೆರೆ ಕಟ್ಟಲು ಜಾಗ ಹುಡುಕುವುದೇ ಕಷ್ಟವೆಂದೂ ಸ್ಯಾಂಕಿ 1866ರಲ್ಲಿ ಬರೆದ. ಇದು ಊರವರ ತಲೆಮಾರುಗಳ ದುಡಿಮೆಯ ಫಲವೆಂದು ಒಪ್ಪಿಕೊಂಡದ್ದು ಆತನ ದೊಡ್ಡತನ. ಮೈಸೂರಿನ ಕೆರೆಗಳು ಒಂಟಿಯಾಗಿಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಹಳ್ಳ, ಕಾಲುವೆಗಳ ಮೂಲಕ ಕೆಳಗಿನ ಕೆರೆಗೆ ಬರುತ್ತದೆ. ಮೇಲಿನ ಏರಿ ಒಡೆದರೆ ಕೆಳಗಿನವೂ ಒಂದರ ಹಿಂದೊಂದು ಒಡೆಯುತ್ತವೆ. ಹಾಗಾಗಿ ಒಂದು ಕೆರೆಯನ್ನಷ್ಟೇ ದುರಸ್ತಿ ಮಾಡಿದರೆ ಸಾಲದು. ಇಡೀ ಕಣಿವೆಯನ್ನು ಅಳೆದು, ಪ್ರತಿ ಕೆರೆಗೆ ಎಷ್ಟು ಪ್ರದೇಶದ ಮಳೆನೀರು ಹರಿದು ಬರುತ್ತದೆಂದು ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ಏರಿಯ ಎತ್ತರವನ್ನೂ ಕೋಡಿಯ ಅಗಲವನ್ನೂ ಗೊತ್ತುಮಾಡಬೇಕು. ಈ ಕೆಲಸಕ್ಕೆಂದೇ ಸ್ಯಾಂಕಿ ಪ್ರತ್ಯೇಕ ನೀರಾವರಿ ಇಲಾಖೆ ಕಟ್ಟಿದ. ಜಲಾನಯನ ಎಂದು ಇಂದು ನಾವು ಮಾತಾಡುವ ವಿಚಾರ ಸರ್ಕಾರಿ ಕಡತದೊಳಗೆ ಗಟ್ಟಿಯಾಗಿ ನೆಲೆನಿಂತದ್ದು ಹೀಗೆ. ನೀರಿನ ವಿಷಯದಲ್ಲಿ ಆತನ ಹೆಸರು ದೂರದವರೆಗೂ ಹೋಗಿತ್ತು. ಆಸ್ಟ್ರೇಲಿಯಾದ ವಿಕ್ಟೋರಿಯಾ ಸರ್ಕಾರ 1870ರಲ್ಲಿ ನೀರು ಸರಬರಾಜಿನ ಬಗ್ಗೆ ಸಲಹೆ ಕೇಳಲು ಆತನನ್ನು ಕರೆಸಿಕೊಂಡಿತು.

ಸ್ಯಾಂಕಿ ಕೆರೆ ಸಿದ್ಧವಾದದ್ದು 1882ರಲ್ಲಿ, ದಂಡು ಪ್ರದೇಶದ ನೀರಿನ ಅಗತ್ಯಕ್ಕಾಗಿ. ಅಷ್ಟರಲ್ಲಿ ಆತ ಮೈಸೂರಿನ ಹುದ್ದೆ ಬಿಟ್ಟು ಐದು ವರ್ಷವಾಗಿತ್ತು. ಹತ್ತಿರದಲ್ಲಿ ಶ್ರೀಗಂಧದ ಕೋಠಿ ಇದ್ದುದರಿಂದ ಇದಕ್ಕೆ ಗಂಧದಕೋಠಿ ಕೆರೆ ಎಂಬ ಹೆಸರೂ ಉಂಟು. ಸುಮಾರು 37 ಎಕರೆಯ ಈ ಕೆರೆಯ ಸುತ್ತಲಿನ ದೊಡ್ಡ ಮರಗಳೇ ರಸ್ತೆಯ ಚೆಲುವು. ರಸ್ತೆ ಅಗಲೀಕರಣಕ್ಕಾಗಿ ಅವುಗಳನ್ನು ಕಡಿಯಲು ಹೊರಟಾಗ 2011ರಲ್ಲಿ ನಿವಾಸಿಗಳು ಬೀದಿಗಿಳಿದರು. 2023ರಲ್ಲಿ ಮೇಲ್ಸೇತುವೆ ಯೋಜನೆಯನ್ನೂ ವಿರೋಧಿಸಿದರು. ಈ ವಿರೋಧ ಸರಿಯಾದದ್ದೇ.

ಮೈಸೂರು ಬಿಟ್ಟ ಮೇಲೆ, 1878ರ ಆಫ್ಘನ್ ಯುದ್ಧದಲ್ಲಿ, ಸ್ಯಾಂಕಿ ಕಂದಹಾರದ ಪಡೆಯ ಎಂಜಿನಿಯರುಗಳ ಮುಖ್ಯಸ್ಥನಾಗಿದ್ದ. 1884ರಲ್ಲಿ ಸೇನೆಯಿಂದ ನಿವೃತ್ತನಾಗಿ, 1896ರವರೆಗೆ ಐರ್ಲೆಂಡಿನ ಲೋಕೋಪಯೋಗಿ ಮಂಡಳಿಯ ಅಧ್ಯಕ್ಷನಾಗಿದ್ದ. 1892ರಲ್ಲಿ ಸರ್ ಪದವಿ ದೊರೆಯಿತು. 1908ರ ನವೆಂಬರ್ 11ರಂದು ತೀರಿಕೊಂಡ.

ಸ್ಯಾಂಕಿಯ ಕಾಲದ ಇನ್ನೊಂದು ಕೆಲಸ ನಡೆದದ್ದು ಸಂಸ್ಥಾನದ ಗಡಿಯಲ್ಲಿ. ತುಂಗಭದ್ರೆಯ ಆಚೆಗಿನ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆ ಆಗ ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಯಲ್ಲಿತ್ತು; ಆ ಭಾಗದಲ್ಲಿ ಸ್ಯಾಂಕಿಯ ಇಲಾಖೆಯ ಅಧಿಕಾರ ನದಿಯ ಈಚೆ ದಡದವರೆಗೆ ಮಾತ್ರ. ಆದರೆ ಬೆಂಗಳೂರು–ಧಾರವಾಡ ಹೆದ್ದಾರಿಗಾಗಿ ಹರಿಹರದಲ್ಲಿ ಕಟ್ಟಿದ ಸೇತುವೆ ಆತ ಮುಖ್ಯ ಎಂಜಿನಿಯರ್ ಆಗಿದ್ದಾಗಲೇ, 1868ರಲ್ಲಿ, ಮುಗಿಯಿತು. ಕಲ್ಲು ಮತ್ತು ಇಟ್ಟಿಗೆಯ ಆ ಸೇತುವೆಗೆ ತಲಾ 60 ಅಡಿ ಅಗಲದ 14 ಕಮಾನುಗಳು. ತಗುಲಿದ ವೆಚ್ಚ ಸುಮಾರು 3 ಲಕ್ಷ ರೂಪಾಯಿ. ಅದನ್ನು ದಾಟಿದರೆ ಸಿಗುವುದು ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣ.