ಮಕ್ಕಳಲ್ಲಿ ಹೆಪಟೈಟಿಸ್ ಎ: ಲಿವರ್ ಪರೀಕ್ಷೆಯ ವರದಿ ಏನು ಹೇಳುತ್ತದೆ?

ಮಳೆಗಾಲದಲ್ಲಿ ಬಾವಿಯ ನೀರು ಕಲುಷಿತಗೊಂಡಾಗ ನಮ್ಮ ಕರಾವಳಿಯ ಶಾಲಾ ಮಕ್ಕಳಲ್ಲಿ ಅರಶಿನ ಕಾಮಾಲೆ ಕಾಣಿಸಿಕೊಳ್ಳುವುದುಂಟು. 40ರ ಆಸುಪಾಸಿನಲ್ಲಿರಬೇಕಾದ ಎಸ್.ಜಿ.ಪಿ.ಟಿ. 1,500 ಎಂದು ವರದಿಯಲ್ಲಿ ಕಂಡಾಗ ಹೆತ್ತವರು ಗಾಬರಿಯಾಗುವುದು ಸಹಜ. ಅದೇ ಅಂಕಿ ಇಳಿದ ಕೂಡಲೇ ಅಪಾಯ ಕಳೆಯಿತೆಂದು ನಿಶ್ಚಿಂತರಾಗುವವರೂ ಇದ್ದಾರೆ. ಇವೆರಡೂ ಪೂರ್ತಿ ಸರಿಯಲ್ಲ. ಮಕ್ಕಳಲ್ಲಿ ಕಾಮಾಲೆಗೆ ಮುಖ್ಯ ಕಾರಣಗಳಲ್ಲಿ ಒಂದಾದ ಹೆಪಟೈಟಿಸ್ ಎ ರೋಗದಲ್ಲಿ ಲಿವರಿನ ಕೆಲಸ ಹೇಗೆ ಬದಲಾಗುತ್ತದೆ, ವರದಿಯ ಯಾವ ಅಂಕಿ ಏನನ್ನು ತಿಳಿಸುತ್ತದೆ ಎಂಬುದನ್ನು ನಾವಿಲ್ಲಿ ವಿವರಿಸುತ್ತೇವೆ.

ರೋಗ ಬರುವ ಬಗೆ

ಈ ವೈರಸ್ ರೋಗಿಯ ಮಲದಿಂದ ನೀರು, ಆಹಾರ ಅಥವಾ ಕೈಗಳ ಮೂಲಕ ಇನ್ನೊಬ್ಬರ ಬಾಯಿಗೆ ಸೇರುತ್ತದೆ. ದೇಹ ಸೇರಿದ 15ರಿಂದ 50 ದಿನಗಳಲ್ಲಿ, ಸಾಮಾನ್ಯವಾಗಿ ನಾಲ್ಕು ವಾರಗಳಲ್ಲಿ, ರೋಗ ಕಾಣಿಸಿಕೊಳ್ಳುತ್ತದೆ. ವೈರಸ್ ಲಿವರಿನಲ್ಲಿ ಬೆಳೆದು ಪಿತ್ತರಸದೊಂದಿಗೆ ಕರುಳಿಗೆ ಇಳಿಯುತ್ತದೆ. ಕಣ್ಣು ಹಳದಿಯಾಗುವ ಮೊದಲಿನ ಎರಡು ವಾರಗಳಲ್ಲೇ ಮಲದಲ್ಲಿ ವೈರಸ್ ಅತಿ ಹೆಚ್ಚು ಇರುತ್ತದೆ. ಆರು ವರ್ಷದೊಳಗಿನ ಸುಮಾರು ಶೇ. 70 ಮಕ್ಕಳಲ್ಲಿ ಯಾವ ಲಕ್ಷಣವೂ ಕಾಣುವುದಿಲ್ಲ. ಆದರೆ ಅವರಿಂದಲೂ ಮನೆಯವರಿಗೆ ರೋಗ ಹರಡಬಹುದು. ವಯಸ್ಸು ಹೆಚ್ಚಿದಷ್ಟೂ ರೋಗದ ತೀವ್ರತೆ ಹೆಚ್ಚು.

ವರದಿಯನ್ನು ಅರ್ಥ ಮಾಡಿಕೊಳ್ಳುವುದು

ಎಸ್.ಜಿ.ಪಿ.ಟಿ. ಮತ್ತು ಎಸ್.ಜಿ.ಒ.ಟಿ.: ಇವು ಲಿವರಿನ ಕೋಶಗಳ ಒಳಗಿರುವ ಕಿಣ್ವಗಳು. ವೈರಸ್ ಹೊಕ್ಕ ಕೋಶಗಳ ಮೇಲೆ ಮಗುವಿನ ರೋಗನಿರೋಧಕ ಶಕ್ತಿಯೇ ದಾಳಿ ಮಾಡುವಾಗ ಕೋಶಗಳು ಒಡೆದು ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ಕಣ್ಣು ಹಳದಿಯಾಗುವ ಮೊದಲೇ ಇವು ಏರಿ, ಸಾವಿರ ದಾಟುವುದೂ ಸಾಮಾನ್ಯ. ಲಿವರಿಗೆ ಪೆಟ್ಟು ಬಿದ್ದಿದೆ ಎಂದು ಇವು ತಿಳಿಸುತ್ತವೆ. ಲಿವರ್ ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನು ಇವು ತಿಳಿಸುವುದಿಲ್ಲ.

ಬಿಲಿರುಬಿನ್: ಹಳೆಯ ಕೆಂಪು ರಕ್ತಕಣಗಳಿಂದ ಬರುವ ಹಳದಿ ವಸ್ತು. ಲಿವರ್ ಇದನ್ನು ಪಿತ್ತರಸಕ್ಕೆ ಸೇರಿಸಿ ಹೊರಹಾಕಲಾಗದಾಗ ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗುತ್ತದೆ, ಕಣ್ಣು ಹಳದಿಯಾಗುತ್ತದೆ, ಕೆಲವೊಮ್ಮೆ ಮಲ ಬಿಳಿಚಿಕೊಳ್ಳುತ್ತದೆ. ಕಿಣ್ವಗಳು ಇಳಿಯತೊಡಗಿದ ಮೇಲೂ ಬಿಲಿರುಬಿನ್ ಕೆಲವು ದಿನ ಏರಬಹುದು. ಆದ್ದರಿಂದ ಜ್ವರ ಬಿಟ್ಟು, ಹಸಿವು ಮರಳಿದ ಮಗುವಿನ ಕಣ್ಣು ಇನ್ನೂ ಹಳದಿಯಾಗಿದೆಯೆಂದು ಹೆದರಬೇಕಾಗಿಲ್ಲ.

ಆಲ್ಕಲೈನ್ ಫಾಸ್ಫಟೇಸ್: ಬೆಳೆಯುವ ಮೂಳೆಗಳಿಂದಲೂ ಇದು ರಕ್ತಕ್ಕೆ ಬರುವುದರಿಂದ ಮಕ್ಕಳಲ್ಲಿ ಸಹಜವಾಗಿಯೇ ಹೆಚ್ಚಿರುತ್ತದೆ. ವರದಿಯಲ್ಲಿ ಅಚ್ಚಾದ ದೊಡ್ಡವರ ಮಿತಿಯೊಂದಿಗೆ ಇದನ್ನು ಹೋಲಿಸಬಾರದು.

ಪಿ.ಟಿ. ಮತ್ತು ಐ.ಎನ್.ಆರ್.: ಹೆತ್ತವರು ಅಷ್ಟಾಗಿ ಗಮನಿಸದ, ಆದರೆ ವೈದ್ಯರು ಮೊದಲು ನೋಡುವ ಅಂಕಿ ಇದು. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳನ್ನು ಲಿವರ್ ತಯಾರಿಸುತ್ತದೆ. ಅವುಗಳಲ್ಲಿ ಕೆಲವು ರಕ್ತದಲ್ಲಿ ಕೆಲವೇ ಗಂಟೆ ಉಳಿಯುವುದರಿಂದ, ಲಿವರ್ ಸೋತರೆ ಈ ಅಂಕಿ ಬೇಗನೆ ಏರುತ್ತದೆ. ಅಲ್ಬುಮಿನ್ ಎಂಬ ಪ್ರೋಟೀನ್ ವಾರಗಟ್ಟಲೆ ಉಳಿಯುವುದರಿಂದ ಆರಂಭದಲ್ಲಿ ಅದು ಸರಿಯಾಗಿಯೇ ಇರಬಹುದು.

ಇಳಿದ ಅಂಕಿಯೂ ಅಪಾಯ ಸೂಚಿಸಬಹುದು

ಎಸ್.ಜಿ.ಪಿ.ಟಿ. ಇಳಿಯುತ್ತಾ, ಮಗು ಚುರುಕಾಗುತ್ತಾ, ಐ.ಎನ್.ಆರ್. ಸರಿಯಿದ್ದರೆ ಅದು ಚೇತರಿಕೆ. ಆದರೆ ಎಸ್.ಜಿ.ಪಿ.ಟಿ. ಇಳಿಯುತ್ತಿರುವಾಗ ಬಿಲಿರುಬಿನ್ ಮತ್ತು ಐ.ಎನ್.ಆರ್. ಏರುತ್ತಿದ್ದರೆ, ಸೋರಲು ಕೋಶಗಳೇ ಹೆಚ್ಚು ಉಳಿದಿಲ್ಲವೆಂದು ಅರ್ಥವಾಗಬಹುದು. ವಿಟಮಿನ್ ಕೆ ಚುಚ್ಚುಮದ್ದಿನ ನಂತರವೂ ಐ.ಎನ್.ಆರ್. 2 ಅಥವಾ ಹೆಚ್ಚು ಇದ್ದರೆ, ಇಲ್ಲವೇ 1.5 ಅಥವಾ ಹೆಚ್ಚು ಇದ್ದು ಮಗುವಿನ ಪ್ರಜ್ಞೆಯಲ್ಲಿ ವ್ಯತ್ಯಾಸ ಕಂಡರೆ, ವೈದ್ಯರು ಅದನ್ನು ತೀವ್ರ ಲಿವರ್ ವೈಫಲ್ಯವೆಂದು ಪರಿಗಣಿಸುತ್ತಾರೆ. ಶೇ. 1ಕ್ಕಿಂತ ಕಡಿಮೆ ರೋಗಿಗಳಲ್ಲಿ ಮಾತ್ರ ಹೀಗಾಗುತ್ತದೆ. ಆದರೆ ಆಗ ಒಂದೊಂದು ಗಂಟೆಯೂ ಅಮೂಲ್ಯ. ಕೆಲವರಿಗೆ ಲಿವರ್ ಕಸಿಯೇ ಬೇಕಾಗಬಹುದು.

ವಾಂತಿ ನಿಲ್ಲದಿರುವುದು, ಹಗಲು ತೂಕಡಿಸಿ ರಾತ್ರಿ ಎಚ್ಚರವಿರುವುದು, ತೊದಲು ಮಾತು, ಕಾರಣವಿಲ್ಲದ ಸಿಟ್ಟು, ಮೂಗು ಅಥವಾ ವಸಡಿನಲ್ಲಿ ರಕ್ತ, ಹೊಟ್ಟೆ ಊದುವುದು: ಇವುಗಳಲ್ಲಿ ಒಂದು ಕಂಡರೂ ಮುಂದಿನ ವರದಿಗಾಗಿ ಕಾಯದೆ ಮಗುವನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು.

ಆರೈಕೆ

ಹೆಚ್ಚಿನ ಮಕ್ಕಳು ಎರಡು ಮೂರು ತಿಂಗಳಲ್ಲಿ, ಬಹುತೇಕ ಎಲ್ಲರೂ ಆರು ತಿಂಗಳಲ್ಲಿ ಪೂರ್ಣ ಗುಣಮುಖರಾಗುತ್ತಾರೆ. ಕೆಲವರಲ್ಲಿ ರೋಗ ಒಮ್ಮೆ ಇಳಿದು ಮತ್ತೆ ಮರುಕಳಿಸುತ್ತದೆ. ಇನ್ನು ಕೆಲವರಲ್ಲಿ ಮೈತುರಿಕೆಯೊಂದಿಗೆ ಹಳದಿ ಬಣ್ಣ ಬಹುಕಾಲ ಉಳಿಯುತ್ತದೆ. ಆದರೂ ಹೆಪಟೈಟಿಸ್ ಬಿ ಮತ್ತು ಸಿ ಯಂತೆ ಇದು ಶಾಶ್ವತವಾಗಿ ನೆಲೆಸುವುದಿಲ್ಲ.

ಈ ವೈರಸ್ಸಿಗೆಂದೇ ಬೇರೆ ಔಷಧಿಯಿಲ್ಲ. ವಿಶ್ರಾಂತಿ, ಸಾಕಷ್ಟು ನೀರು ಮತ್ತು ಆಹಾರವೇ ಮುಖ್ಯ. ಕಠಿಣ ಪಥ್ಯದ ಹೆಸರಿನಲ್ಲಿ ಬರೇ ಗಂಜಿ ತಿಳಿ ಕೊಟ್ಟು ಮಗುವನ್ನು ಬಳಲಿಸಬಾರದು. ಸೇರುವುದಾದರೆ ಗಂಜಿ, ಬೇಳೆ, ಮೊಟ್ಟೆ, ಮೀನು ಎಲ್ಲವನ್ನೂ ಕೊಡಬಹುದು. ಏನು ಬೆರೆತಿದೆಯೆಂದು ತಿಳಿಯದ ನಾಟಿ ಮದ್ದು ದಣಿದ ಲಿವರಿಗೆ ಇನ್ನಷ್ಟು ಹೊರೆಯಾಗಬಹುದು. ಪ್ಯಾರಾಸಿಟಮಾಲ್ ಕೂಡ ವೈದ್ಯರು ಹೇಳಿದಷ್ಟೇ ಕೊಡಬೇಕು.

ತಡೆಗಟ್ಟುವುದು ನಮ್ಮ ಕೈಯಲ್ಲಿದೆ

1988ರಲ್ಲಿ ಚೀನಾದ ಶಾಂಘೈಯಲ್ಲಿ ಸರಿಯಾಗಿ ಬೇಯಿಸದ ಚಿಪ್ಪಿನ ಮಾಂಸ ತಿಂದು ಸುಮಾರು 3 ಲಕ್ಷ ಜನರಿಗೆ ಈ ರೋಗ ತಗಲಿತು. ಕೊಳಚೆ ಸೇರುವ ನೀರಿನಲ್ಲಿರುವ ಚಿಪ್ಪುಜೀವಿಗಳು ವೈರಸ್ಸನ್ನು ಒಡಲಲ್ಲಿ ಹಿಡಿದಿಟ್ಟುಕೊಳ್ಳುತ್ತವೆ. ಮರುವಾಯಿ ತಿನ್ನುವ ನಾವು ಅದನ್ನು ಚೆನ್ನಾಗಿ ಬೇಯಿಸಬೇಕು. ಕುಡಿಯುವ ನೀರನ್ನು ಕುದಿಸಬೇಕು, ಶೌಚದ ನಂತರ ಸಾಬೂನಿನಿಂದ ಕೈ ತೊಳೆಯಬೇಕು. ಬಾವಿಗೂ ಶೌಚಗುಂಡಿಗೂ ಕನಿಷ್ಠ 15 ಮೀಟರ್ ಅಂತರವಿರಬೇಕು. ಒಂದು ವರ್ಷ ತುಂಬಿದ ಮಕ್ಕಳಿಗೆ ಲಸಿಕೆ ಲಭ್ಯವಿದೆ. ಮಕ್ಕಳ ವೈದ್ಯರಲ್ಲಿ ವಿಚಾರಿಸಿ.

ಕಾಮಾಲೆ ಕಂಡ ನಂತರ ಒಂದು ವಾರವಾದರೂ ಮಗುವನ್ನು ಶಾಲೆಗೂ ಧರ್ಮೋಪದೇಶ ತರಗತಿಗೂ ಕಳುಹಿಸದಿರುವುದು ಒಳಿತು. ಒಂದೇ ಬಾವಿಯ ನೀರು ಕುಡಿಯುವ ಹಲವು ಮನೆಗಳಲ್ಲಿ ಕಾಮಾಲೆ ಕಂಡರೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಬೇಕು. ನಮ್ಮ ಕಿರು ಕ್ರೈಸ್ತ ಸಮುದಾಯಗಳ ಕೂಟಗಳಲ್ಲಿ ಈ ವಿಷಯವನ್ನು ಮಾತನಾಡಿಕೊಂಡರೆ, ನೆರೆಮನೆಯ ಮಗುವನ್ನೂ ರೋಗದಿಂದ ಕಾಪಾಡಲು ಸಾಧ್ಯ.