ನಾತಾಳದ ನಂಟರು

ಗಾಂಧೀಜಿಯ ಬದುಕನ್ನು ಕನ್ನಡದಲ್ಲಿ ಓದಿದವರಿಗೆಲ್ಲ ‘ನೇಟಾಲ್’ ಗೊತ್ತು. 1893ರಲ್ಲಿ ಅವರು ಹಡಗಿಳಿದ ಡರ್ಬನ್ ಇದ್ದದ್ದು ನೇಟಾಲಿನಲ್ಲಿ. ರೈಲಿನಿಂದ ಅವರನ್ನು ಹೊರದಬ್ಬಿದ ಪೀಟರ್‌ಮರಿಟ್ಸ್‌ಬರ್ಗ್ ಅದೇ ನೇಟಾಲಿನ ರಾಜಧಾನಿ. ಮರುವರ್ಷ ಅವರು ಕಟ್ಟಿದ್ದು ನೇಟಾಲ್ ಇಂಡಿಯನ್ ಕಾಂಗ್ರೆಸ್. ಇನ್ನು ಬೆಳಗಾವಿಯ ಕಡೆಯವರಿಗೆ ‘ನಾತಾಳ’ ಗೊತ್ತು. ಮರಾಠಿ ಕ್ಯಾಲೆಂಡರಿನಲ್ಲಿ ಡಿಸೆಂಬರ್ 25ರ ಚೌಕದೊಳಗೆ ಅಚ್ಚಾಗುವ ಮಾತು ಅದು. ಒಂದು ನಾಡಿನ ಹೆಸರು, ಇನ್ನೊಂದು ಹಬ್ಬದ ಹೆಸರು. ಎರಡೂ ಒಂದೇ ಪದ ಎಂಬುದು ಚಟ್ಟನೆ ಹೊಳೆಯುವುದಿಲ್ಲ. ಒಂದು ಇಂಗ್ಲಿಷರ ನಾಲಗೆಯ ಮೇಲೆ ಕೂತು ಬಂತು, ಇನ್ನೊಂದು ಗೋವೆಯಿಂದ ಘಟ್ಟ ಹತ್ತಿ ಬಂತು. ದಾರಿ ಬೇರೆಯಾದದ್ದರಿಂದ ಚಹರೆಯೂ ಬದಲಾಯಿತು.

ಎರಡಕ್ಕೂ ತಾಯಿ ಪೋರ್ಚುಗೀಸರ ‘ನತಾಲ್’. 1497ರ ಡಿಸೆಂಬರಿನಲ್ಲಿ ವಾಸ್ಕೋ ಡ ಗಾಮ ಆಫ್ರಿಕದ ತುದಿಯನ್ನು ಬಳಸಿ ಬರುತ್ತಿದ್ದಾಗ ಹಬ್ಬದ ದಿನ ಎಡಗಡೆಗೆ ಕಂಡ ಕರಾವಳಿಗೆ ಹಬ್ಬದ ಹೆಸರನ್ನೇ ಇಟ್ಟುಬಿಟ್ಟ. ಅಲ್ಲಿನ ಜನ ತಮ್ಮ ನೆಲವನ್ನು ಏನೆಂದು ಕರೆಯುತ್ತಾರೆ ಎಂಬ ಪ್ರಶ್ನೆ ಅವನಿಗೆ ಬಂದಂತಿಲ್ಲ. ಮುಂದಿನ ಮೇ ತಿಂಗಳಲ್ಲಿ ಅವನು ಕಲ್ಲಿಕೋಟೆಯ ಬಳಿ ಲಂಗರು ಹಾಕಿದ. ಆಫ್ರಿಕದ ಆ ಹೆಸರು ಮಾತ್ರ ಇಂಗ್ಲಿಷರ ವಸಾಹತಾಗಿ, ಪ್ರಾಂತ್ಯವಾಗಿ, 1994ರಲ್ಲಿ ಜುಲು ಜನರ ಹೆಸರನ್ನು ಮುಂದೆ ಕೂಡಿಸಿಕೊಂಡು ಕ್ವಾಜುಲು-ನೇಟಾಲ್ ಆಗಿ ಇವತ್ತಿಗೂ ಇದೆ. ತಮಾಷೆಯೆಂದರೆ ಅಲ್ಲಿ ಹಬ್ಬಕ್ಕೆ ಈ ಹೆಸರಿಲ್ಲ. ಇಂಗ್ಲಿಷಿನವರಿಗೆ ಅದು ಕ್ರಿಸ್ಮಸ್, ಆಫ್ರಿಕಾನ್ಸ್ ಭಾಷೆಯವರಿಗೆ ಕೆರ್ಸ್‌ಫೀಸ್, ಜುಲು ಬಾಯಲ್ಲಿ ಉಖಿಸಿಮುಸಿ. ಡಿಸೆಂಬರ್ ಅಲ್ಲಿ ಬಿರುಬೇಸಿಗೆ. ಹಿಮವಿಲ್ಲ, ಚಿಮಣಿಯಿಲ್ಲ, ಹಿತ್ತಿಲಲ್ಲಿ ಕೆಂಡ ಹರವಿ ಮಾಂಸ ಸುಟ್ಟು ತಿನ್ನುವ ‘ಬ್ರಾಯ್’ ಇದೆ.

ಪೋರ್ಚುಗೀಸರು ಈ ಪದವನ್ನು ಪಡೆದದ್ದು ಲ್ಯಾಟಿನ್ನಿನ ‘ನತಾಲಿಸ್’ ಎಂಬುದರಿಂದ. ಹುಟ್ಟಿಗೆ ಸಂಬಂಧಪಟ್ಟದ್ದು ಎಂದು ಅದರರ್ಥ. ಹುಟ್ಟಿದವನು ‘ನಾತುಸ್’, ಇನ್ನೂ ಹಿಂದೆ ಹೋದರೆ ‘ಗ್ನಾತುಸ್’. ಮೊದಲ ಗಕಾರ ಕಾಲಕ್ರಮದಲ್ಲಿ ಉದುರಿತು. ಉದುರದ ರೂಪವನ್ನು ಸಂಸ್ಕೃತದ ‘ಜಾತ’ದ ಪಕ್ಕದಲ್ಲಿಟ್ಟರೆ ಎರಡೂ ಒಂದೇ ಬೇರಿನವು ಎಂದು ಭಾಷಾಶಾಸ್ತ್ರಜ್ಞರು ಹೇಳುವುದು ಯಾಕೆಂದು ತಿಳಿಯುತ್ತದೆ. ಹಾಗಾಗಿ ಬೆಳಗಾವಿಯ ನಾತಾಳವೂ ನಮ್ಮ ಮನೆಗಳ ಜಾತಕವೂ ದಾಯಾದಿಗಳು. ಇಂಗ್ಲಿಷಿನ ಜ್ಯೋತಿಷಿಗಳು ಜನ್ಮಕುಂಡಲಿಗೆ ‘ನೇಟಲ್ ಚಾರ್ಟ್’ ಎನ್ನುವಾಗ ಈ ಬಳಗವನ್ನು ತಮಗರಿವಿಲ್ಲದೆ ಮತ್ತೆ ಒಟ್ಟುಗೂಡಿಸುತ್ತಾರೆ.

ರೋಮನ್ನರು ಮನುಷ್ಯರಿಗಷ್ಟೇ ಅಲ್ಲ, ಊರಿಗೂ ನತಾಲಿಸ್ ಆಚರಿಸುತ್ತಿದ್ದರು; ರೋಮಿನ ಹುಟ್ಟುಹಬ್ಬ ಏಪ್ರಿಲ್ 21. ಕ್ರೈಸ್ತರ ಕೈಗೆ ಬಂದಾಗ ಪದ ಒಂದು ವಿಚಿತ್ರ ತಿರುವು ತೆಗೆದುಕೊಂಡಿತು. ನಂಬಿಕೆಗಾಗಿ ಪ್ರಾಣ ಕೊಟ್ಟವರ ‘ನತಾಲಿಸ್’ ಎಂದರೆ ಅವರು ಹುಟ್ಟಿದ ದಿನವಲ್ಲ, ಸತ್ತ ದಿನ. ಸ್ವರ್ಗದಲ್ಲಿ ಹುಟ್ಟಿದ್ದು ಅಂದು ತಾನೇ ಎಂಬ ಲೆಕ್ಕ. ಕ್ರಿ.ಶ. 354ರಲ್ಲಿ ರೋಮಿನಲ್ಲಿ ಸಿದ್ಧವಾದ ಒಂದು ಪಂಚಾಂಗದ ಹೊತ್ತಗೆಯಿದೆ. ಅದರ ಒಂದು ಪಟ್ಟಿಯಲ್ಲಿ ಡಿಸೆಂಬರ್ 25 ‘ಅಜೇಯ’ನ ನತಾಲಿಸ್, ಅಂದರೆ ಸೂರ್ಯದೇವನ ಹುಟ್ಟು. ಅದೇ ಹೊತ್ತಗೆಯ ಇನ್ನೊಂದು ಪಟ್ಟಿಯಲ್ಲಿ, ಪ್ರಾಣ ಕೊಟ್ಟವರ ದಿನಗಳ ನೆತ್ತಿಯ ಮೇಲೆ, ಅದೇ ತಾರೀಖಿಗೆ ಬೆತ್ಲೆಹೇಮಿನಲ್ಲಿ ಕ್ರಿಸ್ತನ ಜನನ. ಯಾರು ಯಾರ ದಿನವನ್ನು ತೆಗೆದುಕೊಂಡರು ಎಂದು ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ, ವಾದಿಸಲಿ. ಒಂದೇ ಕಟ್ಟಿನಲ್ಲಿ ಎರಡು ಹುಟ್ಟುಗಳು ಜಗಳವಿಲ್ಲದೆ ಮಲಗಿರುವುದು ನನಗೆ ಸಾಕು.

ರೋಮಿನಿಂದ ಹೊರಟ ಪದ ನಡೆದ ದೂರಕ್ಕೆ ತಕ್ಕಂತೆ ಸವೆಯಿತು. ಇಟಲಿಯಲ್ಲಿ ನತಾಲೆ, ಕ್ಯಾಟಲೋನಿಯದಲ್ಲಿ ನದಾಲ್, ವೇಲ್ಸಿನಲ್ಲಿ ನದೊಲಿಗ್, ಐರ್ಲೆಂಡಿನಲ್ಲಿ ನೊಲ್ಲಗ್. ಫ್ರಾನ್ಸಿನಲ್ಲಂತೂ ನಡುವಿನ ‘ತ’ ಪೂರ್ತಿ ಕರಗಿ ನೊಯೆಲ್ ಆಯಿತು. ಜನರ ಹೆಸರೂ ಆಯಿತು. ಮಂಗಳೂರಿನಲ್ಲಿ ಯಾವ ಚರ್ಚಿನ ಅಂಗಳದಲ್ಲಿ ನಿಂತು ನೋಯೆಲ್ ಎಂದು ಕೂಗಿದರೂ ಒಬ್ಬರಾದರೂ ತಿರುಗಿ ನೋಡುತ್ತಾರೆ. ರಷ್ಯದ ಕಾದಂಬರಿಗಳಲ್ಲಿ ನಾವು ಕಂಡ ನತಾಶಾ ಕೂಡ ನತಾಲಿಯಾಳ ಮುದ್ದಿನ ರೂಪ. ಅವಳೂ ಈ ಮನೆಯ ಮಗಳು.

ಹೆಸರು ಒಂದೇ ಬೇರಿನದಾದರೂ ಅದರಡಿ ಜನ ಮಾಡುವುದು ಒಂದೊಂದು ಕಡೆ ಒಂದೊಂದು. ಕ್ಯಾಟಲೋನಿಯದ್ದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಅಲ್ಲಿ ‘ತಿಯೋ ದ ನದಾಲ್’ ಎಂದರೆ ಹಬ್ಬದ ಕೊರಡು. ಒಂದು ಮರದ ತುಂಡಿಗೆ ಕಣ್ಣು, ಮೂಗು, ನಗು ಬರೆದು, ಕೆಂಪು ಟೋಪಿ ತೊಡಿಸಿ, ಡಿಸೆಂಬರ್ 8ರ ಹೊತ್ತಿಗೆ ಮನೆಯೊಳಗೆ ತರುತ್ತಾರೆ. ಚಳಿಯಾಗದಿರಲೆಂದು ಕಂಬಳಿ ಹೊದಿಸುತ್ತಾರೆ. ಮಕ್ಕಳು ದಿನಾ ರಾತ್ರಿ ಅದಕ್ಕೆ ಬ್ರೆಡ್ಡು, ಕಿತ್ತಳೆ ಸಿಪ್ಪೆ ತಿನ್ನಿಸುತ್ತವೆ. ಇಷ್ಟೆಲ್ಲ ಉಪಚಾರ ಮಾಡಿ 24ರ ರಾತ್ರಿ ಕೋಲು ಹಿಡಿದು, ಹಾಡು ಹೇಳುತ್ತ, ಅದನ್ನು ಬಡಿಯುತ್ತವೆ. ಯಾಕೆ? ಅದು ಹೇಲಬೇಕು! ಕಂಬಳಿ ಎತ್ತಿದರೆ ಕೆಳಗೆ ಮಿಠಾಯಿ, ಬಾದಾಮಿ ಹಾಕಿದ ‘ತುರ್‍ರೊ’. ಸಂಕೋಚದ ಸಂಪಾದಕರು ಈ ಕ್ರಿಯಾಪದವನ್ನು ‘ವಿಸರ್ಜಿಸು’ ಎಂದು ತಿದ್ದಬಹುದು. ಮಕ್ಕಳ ಹಾಡಿನಲ್ಲಿರುವುದು ಹಳ್ಳಿಯ ಮಾತೇ. ಅಷ್ಟಕ್ಕೇ ಮುಗಿಯಲಿಲ್ಲ. ಅಲ್ಲಿನ ಗೋದಲಿಯಲ್ಲಿ ಬಾಲಯೇಸು, ಮರಿಯ, ಜೋಸೆಫ್, ಕುರುಬರು ಎಲ್ಲರೂ ಇರುತ್ತಾರೆ, ಜೊತೆಗೆ ಮೂಲೆಯಲ್ಲಿ ಚಡ್ಡಿ ಜಾರಿಸಿ ಕುಕ್ಕರುಗಾಲಲ್ಲಿ ಕೂತ ಒಬ್ಬ ರೈತನ ಗೊಂಬೆಯೂ ಇರುತ್ತದೆ. ಅವನಿಗೆ ‘ಕಗನೆರ್’ ಎಂದು ಹೆಸರು. ನೆಲಕ್ಕೆ ಗೊಬ್ಬರ ಬಿದ್ದರೆ ಬರುವ ವರ್ಷ ಬೆಳೆ ಚೆನ್ನಾಗಿರುತ್ತದೆ ಎಂಬುದು ಅದಕ್ಕೆ ಅವರು ಕೊಡುವ ಸಮರ್ಥನೆ. ಬೇಸಾಯ ಗೊತ್ತಿದ್ದವರಿಗೆ ಇದರಲ್ಲಿ ಅಪಚಾರವೇನೂ ಕಾಣಲಾರದು.

ದಕ್ಷಿಣ ವೇಲ್ಸಿನಲ್ಲಿ ಕುದುರೆಯ ಬುರುಡೆಯನ್ನು ಕೋಲಿಗೆ ಸಿಕ್ಕಿಸಿ, ಬಿಳಿಬಟ್ಟೆ ಹೊದಿಸಿ ಮನೆಮನೆಗೆ ಒಯ್ಯುತ್ತಾರೆ. ‘ಮಾರಿ ಲುಯಿಡ್’ ಎಂದು ಅದರ ಹೆಸರು. ಬಾಗಿಲ ಹೊರಗಿನವರು ಪದ್ಯದಲ್ಲಿ ಸವಾಲೆಸೆದರೆ ಒಳಗಿನವರು ಪದ್ಯದಲ್ಲೇ ಉತ್ತರ ಕೊಡಬೇಕು. ನಮ್ಮ ಹರದೇಶಿ–ನಾಗೇಶಿಯ ಹಾಗೆ ಸೋತವರು ತಲೆಬಾಗಬೇಕು. ಇಲ್ಲಿ ಒಳಗಿನವರು ಸೋತರೆ ಬಾಗಿಲು ತೆರೆದು ಕುಡಿಯಲು ಕೊಡಬೇಕು. ಐರ್ಲೆಂಡಿನವರು ಡಿಸೆಂಬರ್ ತಿಂಗಳನ್ನೇ ನೊಲ್ಲಗಿನ ತಿಂಗಳು ಎನ್ನುತ್ತಾರೆ. ಆದರೆ ಅವರ ನಿಜವಾದ ಜಾಣತನ ಜನವರಿ 6ರದು. ಅಂದು ‘ನೊಲ್ಲಗ್ ನ ಮಾನ್’, ಹೆಂಗಸರ ಕ್ರಿಸ್ಮಸ್. ಹಬ್ಬದುದ್ದಕ್ಕೂ ಒಲೆ ಮುಂದೆ ಬೆಂದ ಹೆಂಗಸರು ಅಂದು ಕೈತೊಳೆದುಕೊಂಡು ಗೆಳತಿಯರ ಜೊತೆ ಹೊರಗೆ ಹೋಗುತ್ತಾರೆ, ಮನೆಗೆಲಸ ಗಂಡಸರದ್ದು. ಕಾರ್ಕ್, ಕೆರಿ ಸೀಮೆಗಳಲ್ಲಿ ಇದು ಗಟ್ಟಿಯಾಗಿ ಉಳಿದ ರೂಢಿ. ಹಬ್ಬ ಹೆಚ್ಚಿರುವ ನಮ್ಮಂಥ ದೇಶಕ್ಕೆ ಇಂಥದ್ದೊಂದು ದಿನ ಯಾಕೆ ಹೊಳೆಯಲಿಲ್ಲವೋ.

ಮತ್ತೆ ಪೋರ್ಚುಗಲ್ಲಿಗೆ ಬರೋಣ, ಹಡಗು ಹೊರಟದ್ದು ಅಲ್ಲಿಂದ. ಹಬ್ಬದ ಹಿಂದಿನ ರಾತ್ರಿ ಅಲ್ಲಿ ಮನೆಮಂದಿ ಕೂತು ಉಣ್ಣುವ ಊಟಕ್ಕೆ ‘ಕೊನ್ಸೊಆದ’ ಎನ್ನುತ್ತಾರೆ. ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು, ಜೊತೆಗೆ ಬೇಯಿಸಿದ ಆಲೂಗಡ್ಡೆ, ಕೋಸು, ಮೇಲೆ ಆಲಿವ್ ಎಣ್ಣೆ. ಹಬ್ಬದೂಟ ಎನ್ನಲು ತೀರ ಸಪ್ಪೆ. ಆ ಮೀನು ಅವರ ಕಡಲಿನದೂ ಅಲ್ಲ. ನ್ಯೂಫೌಂಡ್‌ಲೆಂಡಿನ, ನಾರ್ವೆಯ ತಣ್ಣನೆಯ ನೀರಿನದು. ತಿಂಗಳುಗಟ್ಟಲೆ ಹಡಗಿನಲ್ಲಿರುವ ಜನಕ್ಕೆ ಕೆಡದ ಮೀನೇ ಹಬ್ಬದ ಮೀನಾಯಿತು. ಕೆಲವು ಮನೆಗಳಲ್ಲಿ ಊಟವಾದ ಮೇಲೆ ಮೇಜು ತೆರವು ಮಾಡುವುದಿಲ್ಲ, ರಾತ್ರಿ ಮನೆಯ ಹಿರಿಯರ ಆತ್ಮಗಳು ಬರುತ್ತವೆಂದು. ಎಡೆ ಇಡುವ ನಮಗೆ ಇದನ್ನು ವಿವರಿಸಬೇಕಿಲ್ಲ. ಆಮೇಲೆ ನಡುರಾತ್ರಿಯ ಪೂಜೆ. ಅದಕ್ಕೆ ‘ಹುಂಜದ ಪೂಜೆ’ ಎಂದೇ ಹೆಸರು. ಯೇಸು ಹುಟ್ಟಿದ ರಾತ್ರಿ ಹುಂಜ ಹೊತ್ತಿಗೆ ಮುಂಚೆಯೇ ಕೂಗಿತಂತೆ.

ಈ ಜನ ಬ್ರೆಜಿಲಿನ ಈಶಾನ್ಯ ಮೂಲೆಗೆ ಹೋಗಿ 1598ರ ಜನವರಿ 6ರಂದು, ಮೂವರು ಜ್ಞಾನಿಗಳ ಹಬ್ಬದ ದಿನ, ನಕ್ಷತ್ರದಾಕಾರದ ಒಂದು ಕೋಟೆಗೆ ಕೈಹಚ್ಚಿ ಜ್ಞಾನಿಗಳ ಹೆಸರನ್ನೇ ಇಟ್ಟರು. ಮರುವರ್ಷ ಡಿಸೆಂಬರ್ 25ಕ್ಕೆ ಅದರ ಪಕ್ಕದಲ್ಲಿ ಊರು ಕಟ್ಟಿದರು. ಊರಿನ ಹೆಸರು? ನತಾಲ್. ಪಂಚಾಂಗ ನೋಡಿ ನಾಮಕರಣ ಮಾಡುವುದರಲ್ಲಿ ಅವರು ನಮ್ಮವರಿಗಿಂತ ಕಡಿಮೆಯೇನಿಲ್ಲ. ಹೀಗಾಗಿ ನತಾಲಿನಲ್ಲಿ ಇರುವವರು ನತಾಲಿಗೆ ನತಾಲಿಗೇ ಬರುತ್ತೀರಾ ಎಂದು ನೆಂಟರನ್ನು ಕರೆಯಬಹುದು. ಬ್ರೆಜಿಲಿನಲ್ಲಿ ಇನ್ನೊಂದು ಸೋಜಿಗವಿದೆ. ಪೋರ್ಚುಗಲ್ಲಿನಲ್ಲಿ ಉಡುಗೊರೆ ತರುವ ಮುದುಕ ‘ಪಾಯ್ ನತಾಲ್’. ಬ್ರೆಜಿಲಿನವರು ಫ್ರೆಂಚರ ಮೋಹಕ್ಕೆ ಬಿದ್ದು ಅವನನ್ನು ‘ಪಪಾಯ್ ನೊಯೆಲ್’ ಮಾಡಿಕೊಂಡರು. ಹಬ್ಬ ನತಾಲ್, ಮುದುಕ ನೊಯೆಲ್: ಒಂದೇ ಲ್ಯಾಟಿನ್ ಪದ ಎರಡು ವೇಷದಲ್ಲಿ ಒಂದೇ ಮನೆಗೆ ಬರುತ್ತದೆ.

ನಮ್ಮ ಕರಾವಳಿಗೆ ಇದು ಕೊಂಕಣಿಯ ಮೂಲಕ ಇಳಿಯಿತು. ಗೋವೆಯಿಂದ ದಕ್ಷಿಣಕ್ಕೆ ವಲಸೆ ಬಂದ ಕ್ರೈಸ್ತರು ಮಂಗಳೂರಿನಲ್ಲಿ ಇಂದಿಗೂ ಹಬ್ಬವನ್ನು ‘ನತಾಲಾಂ’ ಎನ್ನುತ್ತಾರೆ. ಹಬ್ಬದ ತಿಂಡಿಗಳ ತಟ್ಟೆಗೆ ‘ಕುಸ್ವಾರ್’ ಎಂದು ಹೆಸರು. ಇದು ಪೋರ್ಚುಗಲ್ಲಿನ ಕೊನ್ಸೊಆದದಿಂದಲೇ ಬಂದದ್ದೆಂದು ಹೇಳುವವರಿದ್ದಾರೆ, ನನಗೂ ಹಾಗೇ ತೋರುತ್ತದೆ. ಆದರೆ ತಟ್ಟೆಯಲ್ಲಿ ಇರುವುದನ್ನು ನೋಡಿ. ನೆವ್ರಿ ನಮ್ಮ ಕರ್ಜಿಕಾಯಿಯೇ. ಚಕ್ಕುಲಿ ಇದೆ, ಎಳ್ಳುಂಡೆ ಇದೆ, ಅಕ್ಕಿಹಿಟ್ಟು ತೆಂಗಿನಕಾಯಿಯ ಗುಲಿಯೊ ಇದೆ. ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತಿ ಕರಿಯುವ ‘ಕಿಡ್ಯೊ’ ಇದೆ. ಹುಳುಗಳೆಂದು ಅದರರ್ಥ, ರುಚಿಗೇನೂ ತೊಂದರೆಯಿಲ್ಲ. ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುವ ಹೂವಿನಂಥ ಕೊಕ್ಕಿಸ್ ಇದೆ. ಅದರ ಹೆಸರು ಡಚ್ಚರ ‘ಕೂಕ್ಯೆ’ಯ ಕಡೆಯದು, ಸಿಂಹಳದಲ್ಲೂ ಅದು ಕೊಕಿಸ್. ಕಾಡ್ ಮೀನಿನ ಸುಳಿವೇ ಇಲ್ಲ. ಲಿಸ್ಬನ್ನಿನ ಊಟ ಮಂಗಳೂರಿಗೆ ಬರುವಷ್ಟರಲ್ಲಿ ತಿಂಡಿಯಾಗಿ, ಮನೆಯೊಳಗೆ ಉಣ್ಣುವುದು ಹೋಗಿ ನೆರೆಮನೆಗೆ ಕಳಿಸುವುದಾಯಿತು. ದೀಪಾವಳಿಗೆ ಈಚೆ ಮನೆಯಿಂದ ಹೋದ ಕರ್ಜಿಕಾಯಿ ಡಿಸೆಂಬರಿನಲ್ಲಿ ನೆವ್ರಿಯಾಗಿ ವಾಪಸು ಬರುತ್ತದೆ.

ಕನ್ನಡಕ್ಕೆ ಪೋರ್ಚುಗೀಸರಿಂದ ಮೇಜು ಬಂತು, ಅಲಮಾರು, ಚಾವಿ, ಪಾದ್ರಿ, ಇಗರ್ಜಿ ಬಂದವು. ನತಾಲ್ ಮಾತ್ರ ಕರಾವಳಿಯ ಕೊಂಕಣಿ ಮನೆಗಳಲ್ಲೂ ಬೆಳಗಾವಿಯ ಮರಾಠಿ ನೆರೆಯಲ್ಲೂ ನಿಂತುಬಿಟ್ಟಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಲ್ಲಿ ಬಹಳ ಜನರ ಮನೆಮಾತು ಜರ್ಮನ್. ಅವರ ‘ವೈನಾಖ್ಟನ್’ ಕೂಡ ಕನ್ನಡಕ್ಕೆ ಹತ್ತಲಿಲ್ಲ. ಪುಸ್ತಕದ ಕನ್ನಡ ‘ಕ್ರಿಸ್ತಜಯಂತಿ’ ಎಂದಿತು, ಬೀದಿಯ ಕನ್ನಡ ‘ಕ್ರಿಸ್ಮಸ್’ ಎಂದಿತು. ಗೋವೆಯಲ್ಲಾದರೋ ಪೋರ್ಚುಗೀಸರ ಆಳ್ವಿಕೆ ಮುಗಿದದ್ದು 1961ರ ಡಿಸೆಂಬರ್ 19ಕ್ಕೆ. ಆರೇ ದಿನಕ್ಕೆ ನತಾಲ್ ಬಂತು, ಅದೇ ಹೆಸರಿನಲ್ಲಿ. ದೊರೆಗಳನ್ನು ಕಳಿಸಿಕೊಟ್ಟವರು ಪದವನ್ನು ಇಟ್ಟುಕೊಂಡರು.

ಮೊದಲು ಬಂದವರ ಪದ ಸುಲಭಕ್ಕೆ ಬಿಟ್ಟುಹೋಗುವುದಿಲ್ಲ ಎಂಬುದಕ್ಕೆ ಶ್ರೀಲಂಕಾ ಒಳ್ಳೆಯ ಸಾಕ್ಷಿ. ಪೋರ್ಚುಗೀಸರ ಬೆನ್ನಿಗೆ ಡಚ್ಚರು ಬಂದರು, ಅವರ ಬೆನ್ನಿಗೆ ಇಂಗ್ಲಿಷರು. ಸಿಂಹಳದಲ್ಲಿ ಹಬ್ಬ ಇವತ್ತಿಗೂ ‘ನತ್ತಲ’. ಉಡುಗೊರೆಯ ಅಜ್ಜ ‘ನತ್ತಲ್ ಸೀಯಾ’. ಇಂಡೊನೇಷ್ಯಾದಲ್ಲಿ ಡಚ್ಚರು ಅಷ್ಟು ಕಾಲ ಕೂತಿದ್ದರೂ ಅವರ ‘ಕೆರ್ಸ್ಟ್’ ಉಳಿಯಲಿಲ್ಲ, ಹಬ್ಬ ‘ನತಾಲ್’ ಆಗಿಯೇ ಇದೆ. ಪಕ್ಕದ ಮಲೇಷ್ಯಾ ಮಾತ್ರ ಇಂಗ್ಲಿಷಿನ ಕಡೆ ವಾಲಿ ‘ಕ್ರಿಸ್ಮಸ್’ ಎನ್ನುತ್ತದೆ. ಅಲ್ಲಿಯೂ ಮಲಾಕಾದ ಪೋರ್ಚುಗೀಸ್ ಮೂಲದ ಕ್ರಿಸ್ತಾಂಗ್ ಜನ ಒಬ್ಬರಿಗೊಬ್ಬರು ‘ಬೊಂಗ್ ನತಾಲ್’ ಎಂದೇ ಹಾರೈಸುತ್ತಾರೆ. ಜಕಾರ್ತದ ಉತ್ತರ ಭಾಗದಲ್ಲಿ ತುಗು ಎಂಬ ಹಳೆಯ ಕೇರಿಯಿದೆ. ಡಚ್ಚರು ಸೆರೆಯಿಂದ ಬಿಡಿಸಿ ಪ್ರೊಟೆಸ್ಟಂಟರನ್ನಾಗಿ ಮಾಡಿ ನೆಲೆಗೊಳಿಸಿದ, ಪೋರ್ಚುಗೀಸ್ ಮಾತಾಡುತ್ತಿದ್ದ ಜನರ ಸಂತತಿ ಅದು. ಅವರ ಪೂರ್ವಿಕರಲ್ಲಿ ಬಂಗಾಳ, ಕೋರಮಂಡಲದಿಂದ ಹೋದವರೂ ಇದ್ದರು. ಹೊಸವರ್ಷದ ದಿನ ಅಲ್ಲಿ ‘ರಾಬೊ-ರಾಬೊ’ ನಡೆಯುತ್ತದೆ. ರಾಬೊ ಎಂದರೆ ಪೋರ್ಚುಗೀಸಿನಲ್ಲಿ ಬಾಲ. ಕ್ರೊಂಚೊಂಗ್ ವಾದ್ಯ ನುಡಿಸುತ್ತ ಒಂದು ಮನೆಗೆ ಹೋಗುತ್ತಾರೆ, ಆ ಮನೆಯವರು ಹಿಂದೆ ಸೇರಿಕೊಳ್ಳುತ್ತಾರೆ, ಮುಂದಿನ ಮನೆ, ಮತ್ತೆ ಮುಂದಿನ ಮನೆ, ಹೀಗೆ ಬಾಲ ಉದ್ದವಾಗುತ್ತಲೇ ಹೋಗುತ್ತದೆ.

ಫಿಲಿಪ್ಪೀನ್ಸಿಗೆ ನತಾಲ್ ಮುಟ್ಟಲಿಲ್ಲ. ಅಲ್ಲಿಗೆ ಹೋದವರು ಸ್ಪೇನಿನವರು, ಆದ್ದರಿಂದ ಹಬ್ಬ ‘ಪಾಸ್ಕೊ’. ಡಿಸೆಂಬರ್ 16ರಿಂದ ಒಂಬತ್ತು ದಿನ ಕೋಳಿ ಕೂಗುವ ಮುಂಚೆಯೇ ಪೂಜೆ, ಚರ್ಚಿನ ಹೊರಗೆ ಬಿಸಿಬಿಸಿ ‘ಬಿಬಿಂಕಾ’. ಗೋವೆಯ ಪದರ ಪದರದ ಬೆಬಿಂಕಕ್ಕೂ ಅದಕ್ಕೂ ಹೆಸರಿನ ಹೋಲಿಕೆಯಿದೆ, ತಿಂಡಿ ಬೇರೆ. ಯಾರದು ಮೊದಲು ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ.

ಇಂಗ್ಲಿಷರ ‘ಕ್ರಿಸ್ಮಸ್’ಗೆ ಈ ಬಳಗದ ನಂಟಿಲ್ಲ. ಅದು ಕ್ರಿಸ್ತನ ಪೂಜೆ ಅಷ್ಟೆ, ಹುಟ್ಟಿನ ಮಾತೇ ಅದರೊಳಗಿಲ್ಲ. ಅದೂ ಹಡಗು ಹತ್ತಿತು, ನಡುಗಡ್ಡೆಗಳಿಗೆ ಹೆಸರಾಯಿತು. ಕ್ಯಾಪ್ಟನ್ ಕುಕ್ 1777ರ ಡಿಸೆಂಬರ್ 24ರಂದು ಪೆಸಿಫಿಕ್ಕಿನಲ್ಲಿ ಕಂಡ ದ್ವೀಪಕ್ಕೆ ಆ ಹೆಸರಿಟ್ಟ. ಕಿರಿಬಾತಿಯವರು ಅದನ್ನು ತಮ್ಮ ಕಾಗುಣಿತದಲ್ಲಿ ‘ಕಿರಿತಿಮತಿ’ ಎಂದು ಬರೆದು ‘ಕಿರಿಸ್ಮಸ್’ ಎಂದು ಓದುತ್ತಾರೆ. ಪಾಪುವಾ ನ್ಯೂಗಿನಿಯ ಟೋಕ್ ಪಿಸಿನ್ ಭಾಷೆಯಲ್ಲಂತೂ ‘ಕ್ರಿಸ್ಮಸ್’ ಎಂದರೆ ವಯಸ್ಸಿನ ಒಂದು ವರ್ಷ. ಅಲ್ಲಿ ಮಗುವನ್ನು ನಿಲ್ಲಿಸಿ, ನಿನಗೆಷ್ಟು ವರ್ಷ ಎಂದು ಕೇಳಬೇಕಾದರೆ, ‘ಯು ಗಾಟ್ ಹಮಸ್ ಕ್ರಿಸ್ಮಸ್?’ ಎಂದು ಕೇಳುತ್ತಾರೆ. ಹತ್ತು ಕ್ರಿಸ್ಮಸ್ ಆಯಿತು ಎಂದು ಅದು ಹೇಳುತ್ತದೆ.