ತೆರಿಗೆಯ ಭಾರವೂ ಕೆತ್ತನೆಯ ನಗೆಯೂ

1815ನೆಯ ಜೂನ್ 18ರಂದು ವಾಟರ್ಲೂ ರಣರಂಗದಲ್ಲಿ ನೆಪೋಲಿಯನ್ನನು ಸೋತನು. ಗೆದ್ದ ಇಂಗ್ಲೆಂಡು ಲೆಕ್ಕದ ಪುಸ್ತಕವನ್ನು ಬಿಚ್ಚಿ ನೋಡಿದಾಗ ರಾಷ್ಟ್ರದ ಸಾಲ 80 ಕೋಟಿ ಪೌಂಡುಗಳನ್ನು ಮೀರಿತ್ತು. ಇದರ ಬಡ್ಡಿಯನ್ನು ತೆರುವವರಾರೆಂಬ ಪ್ರಶ್ನೆಯನ್ನು ಪಾರ್ಲಿಮೆಂಟಿನ ಭಾಷಣಗಳಿಗಿಂತ ನಿರ್ದಾಕ್ಷಿಣ್ಯವಾಗಿ ಕೇಳಿದವು, ಲಂಡನ್ನಿನ ಅಂಗಡಿಗಳ ಕಿಟಕಿಗಳಲ್ಲಿ ಕಾಣುತ್ತಿದ್ದ ವಿಡಂಬನ ಚಿತ್ರಗಳು.

ಈ ಕಲೆಗೂ ನಮ್ಮ ನಾಡಿಗೂ ಒಂದು ಹಳೆಯ ನಂಟುಂಟು. 1791ರಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟಿದುದನ್ನು ಗೇಲಿಮಾಡಿ ಚಿತ್ರ ಬರೆದ ಗಿಲ್ರೇ ಎಂಬಾತನೇ ಅದರ ಆಚಾರ್ಯ. ವಾಟರ್ಲೂವಿಗೆ ಹದಿನೇಳು ದಿನ ಮೊದಲು ಅವನು ತೀರಿಕೊಂಡನು. ಯುದ್ಧಾನಂತರದ ಕಾಲಕ್ಕೆ ದೊರೆತವನು ಇಪ್ಪತ್ತಮೂರು ತುಂಬದ ಜಾರ್ಜ್ ಕ್ರೂಕ್‌ಶ್ಯಾಂಕ್.

ಯುದ್ಧಕ್ಕೆಂದೇ ಹುಟ್ಟಿದ ವರಮಾನ ತೆರಿಗೆ ಆಗ ನೂರಕ್ಕೆ ಹತ್ತರಂತಿತ್ತು. ಅದನ್ನು ಅರ್ಧಕ್ಕಿಳಿಸಿ ಉಳಿಸಿಕೊಳ್ಳಬೇಕೆಂದು ಮಂತ್ರಿಗಳು ಹವಣಿಸಿದರು. ಮಂತ್ರಿಗಳೇ ವೈದ್ಯರಾಗಿ ಜಾನ್ ಬುಲ್ ಎಂಬ ಪ್ರಜಾಪುರುಷನ ನೆತ್ತರು ತೆಗೆಯುವ ಚಿತ್ರ ಆ 1816ನೆಯ ವರ್ಷದ್ದೇ. ಮಾರ್ಚ್ 18ರಂದು 37 ಮತಗಳಿಂದ ಸರ್ಕಾರ ಸೋತು ತೆರಿಗೆ ರದ್ದಾಯಿತು. ಆದರೆ ಲಾಭ ಯಾರಿಗೆ? ವರ್ಷಕ್ಕೆ 50 ಪೌಂಡು ದುಡಿಯದ ಕೂಲಿಯವನು ಆ ತೆರಿಗೆಯನ್ನು ಎಂದೂ ತೆತ್ತವನಲ್ಲ. ಅವನು ತೆರುತ್ತಿದ್ದುದು ಉಪ್ಪು, ಸಾಬೂನು, ಮೇಣದ ಬತ್ತಿಗಳ ಸುಂಕ. ಅದು ಹಾಗೆಯೇ ಉಳಿಯಿತು. ಗೋಧಿಯ ಧಾರಣೆ ಕ್ವಾರ್ಟರಿಗೆ 80 ಷಿಲಿಂಗು ಮುಟ್ಟುವವರೆಗೆ ಹೊರನಾಡಿನ ಕಾಳು ಮಾರಾಟಕ್ಕೆ ಬರಕೂಡದೆಂಬ 1815ರ ಶಾಸನ ಬೇರೆ. ನಕ್ಕ ಜಾನ್ ಬುಲ್ಲನು ಹೊಲದೊಡೆಯನೇ ಹೊರತು ಹೊಲದಾಳಲ್ಲವೆಂದೇ ನನ್ನ ಎಣಿಕೆ.

ಆಳಿನ ಕಡೆಗೆ ಕಲೆ ತಿರುಗಿದುದು 1819ರಲ್ಲಿ. ಯುದ್ಧದ ಒತ್ತಡದಿಂದ 1797ರಲ್ಲಿ ಬ್ಯಾಂಕು ನೋಟಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿ ಸಣ್ಣ ನೋಟುಗಳನ್ನು ಹೊರಡಿಸಿತ್ತು. ಅವುಗಳನ್ನು ನಕಲು ಮಾಡುವುದು ಸುಲಭ. ಅದಕ್ಕೆ ಶಿಕ್ಷೆ ಗಲ್ಲು. 1821ರೊಳಗೆ 300ಕ್ಕೂ ಹೆಚ್ಚು ಮಂದಿ ಈ ಅಪರಾಧಕ್ಕಾಗಿ ನೇಣಿಗೇರಿದರು. ಒಂದು ಬೆಳಗ್ಗೆ ಹೆಂಗಸರೂ ತೂಗಾಡುತ್ತಿದ್ದುದನ್ನು ಕಂಡು ಕ್ರೂಕ್‌ಶ್ಯಾಂಕನು ಮನೆಗೆ ಹೋದವನೇ ಒಂದು ಅಣಕದ ನೋಟನ್ನು ಬರೆದನು: ನೇಣಿಗೆ ಬಿದ್ದ ಹನ್ನೊಂದು ದೇಹಗಳು, ಹಗ್ಗದ ಸುರುಳಿಯಿಂದಾದ ಪೌಂಡಿನ ಗುರುತು, ತನ್ನ ಮಕ್ಕಳನ್ನೇ ತಿನ್ನುವ ಬ್ರಿಟಾನಿಯಾ, ಕೆಳಗೆ ಕೊರವಂಜಿಯ ನಗೆಯಲ್ಲ, ಗಲ್ಲಿಗೇರಿಸುವವನ ರುಜು. ಅದನ್ನು ಮಾರಿದ ವಿಲಿಯಂ ಹೋನನ ಅಂಗಡಿಯ ಮುಂದೆ ಜನ ಮುಗಿಬಿದ್ದರು. ಗಲ್ಲುಗಳನ್ನು ನಿಲ್ಲಿಸಿದುದು ತನ್ನ ನೋಟೇ ಎಂದು ವೃದ್ಧಾಪ್ಯದಲ್ಲಿ ಚಿತ್ರಕಾರನು ಹೇಳಿಕೊಂಡನು. ಅದು ಮುದುಕನ ಹೆಮ್ಮೆ. 1821ರಲ್ಲಿ ಬ್ಯಾಂಕು ಮತ್ತೆ ಚಿನ್ನ ಕೊಡತೊಡಗಿದುದು ದೊಡ್ಡ ಕಾರಣ. ಆದರೂ ಕಂಡದ್ದನ್ನು ಕಂಡಂತೆ ಬರೆದ ಕೈ ಅದು.

ಅದೇ ವರ್ಷ ಆಗಸ್ಟ್ 16ರಂದು ಮ್ಯಾಂಚೆಸ್ಟರಿನಲ್ಲಿ ಶಾಂತವಾಗಿ ನೆರೆದಿದ್ದ ಜನರ ಮೇಲೆ ಕುದುರೆ ದಂಡು ಕತ್ತಿ ಬೀಸಿತು. ಡಿಸೆಂಬರಿನಲ್ಲಿ ಹೋನನೂ ಕ್ರೂಕ್‌ಶ್ಯಾಂಕನೂ ಮಕ್ಕಳ ಹಾಡೊಂದರ ಧಾಟಿಯಲ್ಲಿ ಹದಿಮೂರು ಚಿತ್ರಗಳ ಪುಸ್ತಿಕೆಯನ್ನು ಹೊರತಂದರು. ದೇಶದ ಸಂಪತ್ತನ್ನು ಕೊರೆಯುವ ಕ್ರಿಮಿಗಳ ಸಾಲಿನಲ್ಲಿ ತೆರಿಗೆಯವನೂ ಇದ್ದನು. ತಾಮ್ರದ ತಗಡಿನ ಗೆರೆ ತಗ್ಗಿನಲ್ಲಿರುವುದರಿಂದ ಅದಕ್ಕೆ ಬೇರೆ ಯಂತ್ರ ಬೇಕು. ಮರದ ಅಚ್ಚಿನ ಗೆರೆ ಉಬ್ಬಾದುದರಿಂದ ಅಕ್ಷರದ ಮೊಳೆಗಳೊಡನೆಯೇ ಮುದ್ರಿಸಬಹುದು. ಈ ಮರದ ಅಚ್ಚಿನ ಪುಸ್ತಿಕೆಯ ಬೆಲೆ ಒಂದೇ ಷಿಲಿಂಗು. ಐವತ್ತಕ್ಕೂ ಮಿಕ್ಕ ಆವೃತ್ತಿಗಳಾದವು. ಸರ್ಕಾರ ಅಗ್ಗದ ರಾಜಕೀಯ ಪತ್ರಿಕೆಗಳಿಗೂ ನಾಲ್ಕು ಪೆನ್ಸ್ ಸುಂಕ ಹೇರಿತು.

1820ರ ಜೂನಿನಲ್ಲಿ, ದೊರೆಯನ್ನು ಅಸಭ್ಯ ಸನ್ನಿವೇಶದಲ್ಲಿ ಚಿತ್ರಿಸುವುದಿಲ್ಲವೆಂದು ಮಾತುಕೊಟ್ಟು ಕ್ರೂಕ್‌ಶ್ಯಾಂಕನು 100 ಪೌಂಡು ಪಡೆದನು. ಆ ವರ್ಷವೂ ದೊರೆಯ ಅಣಕಚಿತ್ರಗಳು ಅವನ ಕೈಯಿಂದ ಬರುತ್ತಲೇ ಇದ್ದವು.